ಎಂಜಿನ್ನಿನ ಮೂಗು, ಬೀಗರ ನೀರು

ಮದುವೆ ಕೂಡಿಸುವವಳ ಬಾಯಿಂದ ಅಶುಭದ ಮಾತು ಹೊರಡಬಾರದು. ನಮ್ಮ ಕಸುಬಿನ ಮೊದಲ ನಿಯಮವೇ ಇದು. ಬಟ್ಟಲು ಕೈಜಾರಿ ಒಡೆದರೆ ‘ದೃಷ್ಟಿ ಒಡೆಯಿತು, ಭಾಗ್ಯ ತೆರೆಯಿತು’ ಅನ್ನಬೇಕು. ಮದುಮಗ ಕುಡಿದು ಮೇಜಿನ ಕೆಳಗೆ ಮಲಗಿಬಿಟ್ಟರೆ ‘ಬೇರು ಇಳಿಯಿತು, ವಂಶ ಬೆಳೆಯಿತು’ ಅನ್ನಬೇಕು. ಏನೇ ಕೆಟ್ಟದ್ದಾಗಲಿ, ಎರಡು ಸಾಲು ಪ್ರಾಸ ಕಟ್ಟಿ ಅದನ್ನು ಅಲ್ಲೇ ಒಳ್ಳೆಯದು ಮಾಡಿಬಿಡಬೇಕು. ಯಿಲಾನ್ ಸೀಮೆಯಲ್ಲಿ ಇಪ್ಪತ್ತಾರು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಎಲ್ಲರಿಗೂ ನಾನು ಲಿಯಾವಕ್ಕ. ನಾನು ಕೂಡಿಸಿದ ಮೂವತ್ತೇಳು ಸಂಸಾರಗಳಲ್ಲಿ ಒಂದೂ ಮುರಿದಿಲ್ಲ. ಮೂವತ್ತೆಂಟನೆಯದು ಮುರಿಯುವುದರಲ್ಲಿತ್ತು. ಅದೂ ಗಂಡುಹೆಣ್ಣಿನ ತಂಟೆಯಿಂದಲ್ಲ, ಒಂದು ಕಾರಿನ ಮೂಗಿನಿಂದ.

ಕಾರಿಗೆ ಮೂಗಿದೆ ಅಂತ ನನಗೆ ತಿಳಿಸಿದವನು ಅ-ಖುನ್. ಲುವೊದೊಂಗ್ ರೈತ ಸಂಘದ ಬೀಜದ ಕೌಂಟರಿನಲ್ಲಿ ಕೂರುವ ಐವತ್ತೆರಡು ವರ್ಷದ ಸಾಧು ಪ್ರಾಣಿ. ಹಿಂದೊಮ್ಮೆ ಚಂಡಮಾರುತ ಬರುತ್ತದೆ ಅಂತ ಸುದ್ದಿಯಾದಾಗ ಊರವರೆಲ್ಲ ವಾಡಿಕೆಯಂತೆ ತಮ್ಮ ಕಾರುಗಳನ್ನು ಒಯ್ದು ನೆರೆನೀರು ಏರದ ಸೇತುವೆಯ ಮೇಲೆ ಸಾಲಾಗಿ ನಿಲ್ಲಿಸಿ ಬಂದರು. ಇವನೊಬ್ಬ ಮಾತ್ರ “ಸುದ್ದಿಯವರಿಗೆ ಬೇರೆ ಕೆಲಸ ಇಲ್ಲ” ಅಂದು ಮನೆ ಮುಂದೆಯೇ ಬಿಟ್ಟು, ಒಳಗೆ ಕಡಲೆಕಾಯಿ ಬಿಡಿಸುತ್ತ ಕೂತ. ಬೆಳಗಾದರೆ ನೀರು ಬಂಪರಿನ ತನಕ ಬಂದಿತ್ತು. ಗಾಡಿಗೆ ಜೀವ ಇದೆಯೋ ಇಲ್ಲವೋ ನೋಡೋಣ ಅಂತ ಕೀ ತಿರುಗಿಸಿದ. ಅದು ಒಂದು ಸಲ ಗೊಳಕ್ ಅಂದು ಕಣ್ಣು ಮುಚ್ಚಿತು.

“ನೀರಲ್ಲಿ ನಿಂತ್ರೆ ಗಾಡಿ ಸಾಯಲ್ಲ ಸ್ವಾಮಿ, ನೀರಲ್ಲಿ ಉಸಿರು ಎಳೆದ್ರೆ ಸಾಯುತ್ತೆ,” ಅಂದನಂತೆ ಮೆಕ್ಯಾನಿಕ್. ಅಷ್ಟೇ. ಅಂದಿನಿಂದ ಅ-ಖುನ್ ಪಂಡಿತನಾದ. ಸತ್ತ ಕಾರಿನ ಏರ್ ಫಿಲ್ಟರನ್ನು ಮನೆಗೆ ತಂದು ಒಣಗಿಸಿ, ಕೌಂಟರಿನಲ್ಲಿ ಬೀಜದ ಡಬ್ಬಗಳ ಪಕ್ಕ ಇಟ್ಟುಕೊಂಡ. ಮೂಲಂಗಿ ಬೀಜ ಕೇಳಲು ಬಂದವರಿಗೆಲ್ಲ ಅದನ್ನು ಎತ್ತಿ ತೋರಿಸುತ್ತಿದ್ದ.

“ನೋಡಿ ಲಿಯಾವಕ್ಕ, ಇದು ಬರೀ ಕಾಗದ. ಬೀಸಣಿಗೆ ಥರ ಮಡಚಿದ ಕಾಗದ. ಮುಂದುಗಡೆ ಒಂದು ಕೊಳವೆ ಇರುತ್ತೆ, ಅದೇ ಮೂಗು. ಮೂಗಿಂದ ಗಾಳಿ ಬರುತ್ತೆ, ಈ ಕಾಗದ ಧೂಳು ಹಿಡಿಯುತ್ತೆ, ಎಂಜಿನ್ನು ಉಸಿರಾಡುತ್ತೆ. ಮೂಗಿಗೆ ನೀರು ನುಗ್ಗಿದ್ರೆ ಇದು ಮುದ್ದೆ. ಆಮೇಲೆ ಎಂಜಿನ್ನು ನೀರು ಕುಡಿಯುತ್ತೆ. ಆಮೇಲೆ ಊದುಬತ್ತಿ ಹಚ್ಚಿ ಕೈ ಮುಗಿಯೋದೇ.”

ಹಾವು ಕಚ್ಚಿದವನಿಗೆ ಹಗ್ಗ ಕಂಡರೂ ಭಯ. ಮುಂದೆ ಅವನು ಕೊಂಡ ಕಪ್ಪು ಬಣ್ಣದ, ಉದ್ದ ಮೂತಿಯ ಹಳೇ ಕಾರನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದನೇ ಹೊರತು ನೀರು ಹಾಕಿ ತೊಳೆದವನಲ್ಲ. ವರ್ಷಕ್ಕೆ ಇನ್ನೂರು ದಿನ ಮಳೆ ಸುರಿಯುವ ನಮ್ಮ ಸೀಮೆಯಲ್ಲಿ ಅವನು ಆ ಕಾರನ್ನು ಹೊರಗೆ ತೆಗೆಯುತ್ತಿದ್ದದ್ದು ಹಬ್ಬಕ್ಕೊಮ್ಮೆ ಹುಣ್ಣಿಮೆಗೊಮ್ಮೆ.

ಇಂಥವನ ಅಕ್ಕನ ಮಗನಿಗೆ ನಾನು ಹೆಣ್ಣು ಗೊತ್ತು ಮಾಡಿದೆ. ಅಕ್ಕ ಲಾನ್‌ಯಿಂಗ್ ಅಂದರೆ ಬೀದಿಯ ನಾಯಿಯೂ ಬಾಲ ಮುದುರುವಂಥ ಹೆಂಗಸು. ಮಗ ಗ್ವಾನ್‌ಟಿಂಗ್ ಬಾಯಿ ಸತ್ತ ಹುಡುಗ. ಹೆಣ್ಣು ಪೇಶಾನ್, ನಾನ್‌ಫಾಂಗಾವ್ ಬಂದರಿನ ಬಂಗುಡೆ ದೋಣಿಯ ಯಜಮಾನ ಚಿಯೆನ್ ಅವರ ಕಿರಿಮಗಳು. ಆಕಾಶದಲ್ಲಿ ದೇವರು ದೊಡ್ಡವನು, ಭೂಮಿಯ ಮೇಲೆ ಸೋದರಮಾವ ದೊಡ್ಡವನು ಅನ್ನುತ್ತಾರೆ ನಮ್ಮವರು. ಮದುವೆ ಊಟದಲ್ಲಿ ಅವನು ಬಂದು ಮೊದಲ ಮೇಜಿನ ಮೊದಲ ಕುರ್ಚಿಯಲ್ಲಿ ಕೂತ ಮೇಲೆಯೇ ಉಳಿದವರ ಕೈಗೆ ಊಟದ ಕಡ್ಡಿ. ಆ ಗೌರವ ತಲೆಗೇರಿ, ಲಾನ್‌ಯಿಂಗ್ ಮನೆಯಲ್ಲಿ ಮದುವೆಯ ಮಾತುಕತೆಗೆ ಕೂತಾಗ ಅ-ಖುನ್ ಎದ್ದು ನಿಂತು ಘೋಷಿಸಿಬಿಟ್ಟ: “ಮದುಮಗಳು ಬರೋದು ನನ್ನ ಕಾರಲ್ಲಿ. ಓಡಿಸೋದೂ ನಾನೇ.”

ಲಾನ್‌ಯಿಂಗ್ ತಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಪಂಚಾಂಗದವರು ಹೇಳಿದ್ದು ಕೇಳಿಸ್ಕೊಂಡ್ಯಾ? ಹನ್ನೊಂದು ಗಂಟೆ ಒಳಗೆ ಸೊಸೆ ನನ್ನ ಹೊಸ್ತಿಲು ದಾಟಬೇಕು. ಹನ್ನೊಂದು ಹೊಡೆದ ಮೇಲೆ ನನ್ನ ಮಗನ ಜಾತಕಕ್ಕೆ ಆಗದ ಗಳಿಗೆ. ಒಂದು ನಿಮಿಷ ಆಚೆ ಈಚೆ ಆದ್ರೆ ಬಾಗಿಲು ಹಾಕ್ತೀನಿ. ಮೂರು ಗಂಟೆಗೆ ತೆಗೀತೀನಿ. ಅಲ್ಲೀವರೆಗೂ ಮೂವತ್ತು ಮೇಜಿನ ಜನಕ್ಕೆ ನೀನೇ ನಿಂತು ಹಾಡು ಹೇಳು.”

“ಹತ್ತೂವರೆಗೆ ಇಲ್ಲಿರ್ತೀನಿ ಅಕ್ಕ.”

“ಇರದಿದ್ರೆ ಈ ಜನ್ಮದಲ್ಲಿ ನನ್ನ ಮನೆ ಊಟಕ್ಕೆ ಬರಬೇಡ.”

ಅಲ್ಲಿಗೆ ಎಲ್ಲ ಸರಿಯಾಗಿತ್ತು. ಅಷ್ಟರಲ್ಲಿ, ವರ್ಷಕ್ಕೆ ನಾಲ್ಕು ಮಾತಾಡುವ ಗ್ವಾನ್‌ಟಿಂಗ್ ಅವತ್ತೇ ಐದನೆಯದನ್ನು ಆಡಿದ: “ನೀರು ಎರಚೋವಾಗ ಹುಷಾರು ಮಾವ. ದೊಡ್ಡ ಮಗಳ ಮದುವೇಲಿ ಪೇಶಾನ್ ಅಪ್ಪ ಮೀನು ತೊಳೆಯೋ ಟಬ್ಬಲ್ಲಿ ಎರಚಿದ್ರಂತೆ. ಕಾರಿನ ಮೇಲಿಂದ ಹಾರಿ ಮುಂದುಗಡೆ ಬಿತ್ತಂತೆ.”

ಅ-ಖುನ್‌ನ ಮುಖ ಬೆಂದ ಮೂಲಂಗಿಯಾಯಿತು.

ಹೆಣ್ಣಿನ ಗಾಡಿ ಹೊರಟಾಗ ತಂದೆ ಹಿಂದಿನಿಂದ ಒಂದು ಬೋಗುಣಿ ನೀರು ಎರಚಿ, ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು. ಚೆಲ್ಲಿದ ನೀರು ತಿರುಗಿ ಬರುವುದಿಲ್ಲ, ಹಾಗೆಯೇ ಮಗಳೂ ಸಂಸಾರ ಮುರಿದುಕೊಂಡು ತಿರುಗಿ ಬಾರದಿರಲಿ ಅಂತ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಮೂರನೆಯ ದಿನ ಅವಳು ಗಂಡನ ಜೊತೆ ಅತಿಥಿಯಾಗಿ ಬರುವ ತನಕ ತಂದೆ ‘ಹೇಗಿದ್ದಾಳೆ’ ಅಂತ ಕೇಳಿ ಕಳಿಸುವ ಹಾಗೂ ಇಲ್ಲ.

“ಲಿಯಾವಕ್ಕ, ಬೋಗುಣಿ ಬದಲು ಟೀ ಲೋಟದಲ್ಲಿ ಎರಚೋಕೆ ಹೇಳ್ತೀರಾ?” ಅಂದ ಅ-ಖುನ್.

“ನಿನಗೆ ತಲೆ ಕೆಟ್ಟಿದೆಯಾ? ನೀರು ಕಡಿಮೆ ಮಾಡಿ ಅಂತ ಗಂಡಿನ ಕಡೆಯವರು ಕೇಳೋದುಂಟಾ? ಬಾಯಿ ಮುಚ್ಕೊಂಡಿರು.”

ಅವನು ಬಾಯಿ ಮುಚ್ಚಿಕೊಂಡಿರಲಿಲ್ಲ ಅನ್ನುವುದು ಆ ಸಂಜೆ ನನಗೆ ಚಿಯೆನ್ ಅವರ ಫೋನು ಬಂದಾಗ ಗೊತ್ತಾಯಿತು. ಸಮುದ್ರದ ಮೇಲೆ ಒಂದು ದೋಣಿಯಿಂದ ಇನ್ನೊಂದಕ್ಕೆ ಕೂಗಿ ಅಭ್ಯಾಸವಾದ ದನಿ. ಫೋನನ್ನು ಒಂದು ಮೊಳ ದೂರ ಹಿಡಿದೆ.

“ಲಿಯಾವಕ್ಕ! ಇದೇನು ಕಥೆ? ಹುಡುಗನ ಮಾವನಂತೆ, ಫೋನ್ ಮಾಡಿ ನೀರು ಎರಚಬೇಡಿ ಅಂತಾನೆ! ಅಂದ್ರೆ ಏನರ್ಥ? ನಾಲ್ಕು ದಿನ ಇಟ್ಕೊಂಡು ನನ್ನ ಮಗಳನ್ನ ವಾಪಸ್ ಕಳಿಸೋ ಯೋಚನೆನಾ? ಹಾಗಿದ್ರೆ ಈಗ್ಲೇ ಹೇಳ್ಬಿಡಿ, ಕೊಟ್ಟ ಉಂಗುರ ವಾಪಸ್ ಕಳಿಸ್ತೀನಿ.”

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುವುದು ಗಾದೆ. ಈ ಮದುವೆಗೆ ಒಂಬೈನೂರು ಚಿಲ್ಲರೆ ಆಗಲೇ ಖರ್ಚಾಗಿದ್ದವು. ಇನ್ನೊಂದು ಹೇಳಿದೆ.

“ಅಯ್ಯೋ, ನೀವು ತಪ್ಪು ತಿಳ್ಕೊಂಡ್ರಿ ಚಿಯೆನ್ ಅವ್ರೇ. ಅವನು ನಾಚಿಕೆ ಸ್ವಭಾವ. ಧಾರಾಳವಾಗಿ ಎರಚಿ ಅಂತ ಕೇಳೋಕೆ ಬಾಯಿ ಬರದೆ ಏನೋ ತೊದಲಿದಾನೆ. ಎಷ್ಟು ಎರಚಿದ್ರೂ ಅವರಿಗೆ ಸಂತೋಷವೇ.”

ಚಿಯೆನ್ ಸಮಾಧಾನದ ದನಿಯಲ್ಲಿ ಅಂದರು, “ಹಾಗಾ! ಮೊದಲೇ ಹೇಳಬಾರದಾ? ಹಾಗಿದ್ರೆ ನನ್ನ ಇಬ್ಬರು ತಮ್ಮಂದಿರೂ ಬರ್ತಾರೆ. ಮೂರು ಟಬ್ಬು.”

ಬಾಣಲೆಯಿಂದ ಬೆಂಕಿಗೆ ಬಿದ್ದಂತಾಯಿತು. ಮೂರು ಟಬ್ಬಿನ ವಿಷಯ ಅ-ಖುನ್‌ಗೆ ಹೇಳದೆ ವಿಧಿಯಿರಲಿಲ್ಲ. ಅವನು ಬಯ್ಯಲಿಲ್ಲ, ಅಳಲಿಲ್ಲ. ಗೋಡೆಯನ್ನು ದಿಟ್ಟಿಸಿ ನೋಡುತ್ತ, “ನಾನೊಂದು ದಾರಿ ಕಂಡುಕೊಂಡಿದೀನಿ” ಅಂದ. ಅ-ಖುನ್ ದಾರಿ ಕಂಡುಕೊಂಡ ಅಂದರೆ ಬೇರೆಯವರು ದಾರಿ ತಪ್ಪಿದರು ಅಂತಲೇ ಅರ್ಥ.

ಮದುವೆಯ ಬೆಳಿಗ್ಗೆ ಒಂದು ಹನಿ ಮಳೆಯಿಲ್ಲ. ಆರು ಕಾರುಗಳು, ಎಲ್ಲಕ್ಕಿಂತ ಮುಂದೆ ಅ-ಖುನ್‌ನ ಕಪ್ಪು ಕಾರು. ಅದರ ತಲೆಯ ಮೇಲೆ ಬೇರುಸಹಿತ ಕಿತ್ತ ಹಸಿರು ಬಿದಿರು, ಬಿದಿರಿನ ತುದಿಗೆ ಶಾಸ್ತ್ರದ ಹಂದಿಮಾಂಸದ ತುಂಡು. ಎಲ್ಲವೂ ಕ್ರಮವಾಗಿತ್ತು. ಒಳಗೆ ಮದುಮಗಳು ತಂದೆತಾಯಿಗೆ ಮೊಣಕಾಲೂರಿ ನಮಸ್ಕರಿಸುತ್ತಿರುವಾಗ ನಾನು ಹೊರಗೆ ಬಂದು ನೋಡಿದರೆ ಅ-ಖುನ್ ಬಾನೆಟ್ಟಿನೊಳಗೆ ತಲೆ ಹಾಕಿ ನಿಂತಿದ್ದ. ಕೈಯಲ್ಲಿ ಅವನ ಹೆಂಡತಿ ಸ್ನಾನ ಮಾಡುವಾಗ ಕೂದಲು ನೆನೆಯದಂತೆ ಹಾಕಿಕೊಳ್ಳುವ ಪ್ಲಾಸ್ಟಿಕ್ ಟೋಪಿ. ಗುಲಾಬಿ ಬಣ್ಣ, ಮೇಲೆ ಬಾತುಕೋಳಿಗಳ ಚಿತ್ರ.

“ಮೂಗಿಗೆ ಟೋಪಿ ಹಾಕ್ತಿದೀನಿ,” ಅಂದ ಪಿಸುದನಿಯಲ್ಲಿ. “ಅಂಚಲ್ಲಿ ಎಲಾಸ್ಟಿಕ್ ಇದೆ, ಗಟ್ಟಿ ಕೂರುತ್ತೆ. ಮೂರಲ್ಲ, ಮೂವತ್ತು ಟಬ್ಬು ಎರಚಲಿ.”

“ಉಸಿರು ಕಟ್ಟಲ್ವಾ ಅದಕ್ಕೆ?”

“ಸಂದೀಲಿ ಚೂರು ಗಾಳಿ ಹೋಗುತ್ತೆ. ನೀರು ಎರಚಿದ ತಕ್ಷಣ ಇಳಿದು ತೆಗೆದುಬಿಡ್ತೀನಿ. ಅರ್ಧ ನಿಮಿಷದ ಕೆಲಸ.”

ಅರ್ಧ ನಿಮಿಷದ ಕೆಲಸ ಅಂತ ನಾನೂ ತಲೆಯಾಡಿಸಿದೆ. ಮೂವತ್ತೇಳು ಮದುವೆ ಮಾಡಿಸಿದ ತಲೆ ಅದು. ಯಾವುದಾದರೂ ಗೋಡೆ ಸಿಕ್ಕಿದ್ದರೆ ಆಮೇಲೆ ಚಚ್ಚಿಕೊಳ್ಳುತ್ತಿದ್ದೆ.

ಹತ್ತು ಗಂಟೆ ಐದು ನಿಮಿಷಕ್ಕೆ ಮದುಮಗಳು ಹತ್ತಿದಳು. ಹಿಂದೆ ಅವಳು, ಗ್ವಾನ್‌ಟಿಂಗ್. ಮುಂದೆ ನಾನು, ಅ-ಖುನ್. ಪಟಾಕಿ ಸಿಡಿಯಿತು. ಗಾಡಿ ಅಲುಗಿದ ಕೂಡಲೇ ಪೇಶಾನ್ ಶಾಸ್ತ್ರದಂತೆ ಬೀಸಣಿಗೆಯನ್ನು ಕಿಟಕಿಯಿಂದ ಹೊರಗೆಸೆದಳು. ಮೊಣಕಾಲಿನ ತನಕ ರಬ್ಬರ್ ಬೂಟು ಹಾಕಿ, ನೀಲಿ ಟಬ್ಬು ಎತ್ತಿಕೊಂಡು ಮೂವರು ಚಿಯೆನ್ ಸಹೋದರರು ಸಿದ್ಧವಾಗಿ ನಿಂತಿದ್ದರು. ಮೊದಲನೆಯದು ಡಿಕ್ಕಿಗೆ ಬಡಿಯಿತು. ಎರಡನೆಯದು ಮಾಡಿಗೆ ಬಡಿದು ಬಿದಿರಿನ ಎಲೆ ತೊಳೆಯಿತು. ಮೂರನೆಯದು ಅಪ್ಪನದು. ಅದು ಗಾಡಿಯ ಮೇಲಿಂದ ಹಾರಿ ಗಾಜಿನ ಮೇಲೆ, ಬಾನೆಟ್ಟಿನ ಮೇಲೆ ಸುರಿದು ಎದುರಿನ ದಾರಿಯೇ ಕಾಣದಂತೆ ಮಾಡಿತು.

“ನೀರು ಹರಿಯಲಿ, ಬಾಳು ಬೆಳೆಯಲಿ, ತವರಿನ ನೆನಪು ತಂಪಾಗಿರಲಿ!” ಅಂತ ನಾನು ಕೂಗಿದೆ. ಅ-ಖುನ್ ವೈಪರ್ ಹಾಕಿದ. ಎಂಜಿನ್ನು ಗುರುಗುಟ್ಟುತ್ತಲೇ ಇತ್ತು. ಅವನ ಮುಖದಲ್ಲಿ ಎಂಥ ಕಳೆ ಅಂತೀರಿ! ಯುದ್ಧ ಗೆದ್ದವರೂ ಹಾಗೆ ನಗುವುದಿಲ್ಲ.

“ನೋಡಿದ್ರಾ? ಒಂದು ಹನಿ ಹೋಗಿಲ್ಲ,” ಅಂದ. “ಈಗ ಇಳಿದು ಟೋಪಿ ತೆಗೆದ್ರೆ…”

ಬ್ರೇಕಿನ ಕಡೆ ಹೋದ ಅವನ ಕಾಲು ಅಲ್ಲೇ ನಿಂತಿತು. ಅವನು ನನ್ನನ್ನು ನೋಡಿದ. ನಾನು ಅವನನ್ನು ನೋಡಿದೆ.

ಹೊರಟ ಮದುಮಗಳ ಗಾಡಿ ನಿಲ್ಲಬಾರದು. ಹಿಂದಕ್ಕೆ ಸರಿಯಬಾರದು. ನಿಂತರೆ ಸಂಸಾರ ನಡುದಾರಿಯಲ್ಲಿ ನಿಂತಂತೆ, ಸರಿದರೆ ತವರಿಗೆ ತಿರುಗಿ ಬಂದಂತೆ. ಮಗು ಮಗುವಿಗೂ ಗೊತ್ತಿರುವ ಈ ಮಾತು ಇಬ್ಬರು ಮುದಿ ಗೂಬೆಗಳಿಗೆ ಹೊಳೆದಿರಲಿಲ್ಲ.

“ಲಿಯಾವಕ್ಕ…”

“ನಿಲ್ಲಿಸಿದ್ರೆ ಜೋಕೆ! ಹಿಂದೆ ಅವರಪ್ಪ ನೋಡ್ತಾ ಇದಾರೆ. ಹೀಗೇ ಹೋಗು.”

“ಹೀಗೇ ಅಂದ್ರೆ? ಜೋರಾಗಿ ಒತ್ತಿದ್ರೆ ಟೋಪಿ ಮೂಗೊಳಗೆ ಹೀರಿಕೊಳ್ಳುತ್ತೆ! ಉಸಿರು ನಿಲ್ಲುತ್ತೆ!”

“ಹಾಗಾದ್ರೆ ಒತ್ತಬೇಡ!”

ಒತ್ತಲಿಲ್ಲ. ಬಸವನ ಹುಳುವಿನ ವೇಗದಲ್ಲಿ ಬಂದರಿನ ಬೀದಿಗೆ ಬಂದೆವು. ಹಿಂದಿನ ಐದು ಕಾರುಗಳೂ ಉಸಿರು ಬಿಗಿಹಿಡಿದು ತೆವಳಿದವು. ಮೀನಿನ ಅಂಗಡಿಯ ಹೆಂಗಸೊಬ್ಬಳು ನಮ್ಮ ಪಕ್ಕದಲ್ಲೇ ಗಾಡಿ ತಳ್ಳುತ್ತ, ಅವಸರವಿಲ್ಲದೆ ನಡೆಯುತ್ತ, ಕಿಟಕಿಯೊಳಗೆ ಇಣುಕಿ ಮದುಮಗಳ ಒಡವೆಗಳನ್ನೆಲ್ಲ ನೋಡಿ ಮುಗಿಸಿ ನಮ್ಮನ್ನು ದಾಟಿ ಮುಂದೆ ಹೋದಳು.

“ಮಾವ, ಸ್ವಲ್ಪ ಜೋರಾಗಿ ಹೋಗಬಹುದಾ?” ಅಂತ ಗ್ವಾನ್‌ಟಿಂಗ್ ಕೇಳಿದ. ಅ-ಖುನ್ ಹೂಂ ಅಂದು ಒಂದು ಚೂರು ಒತ್ತಿದ. ಗಾಡಿ ಕ್ಷಯ ಹಿಡಿದವರ ಹಾಗೆ ಖೊಕ್ ಖೊಕ್ ಅಂದು ಎರಡು ಸಲ ಜಗ್ಗಿತು.

“ಗಾಡಿ ಕೆಮ್ಮಿದರೆ ಗಂಡು ಮಗು, ಮತ್ತೆ ಕೆಮ್ಮಿದರೆ ಮನೆ ತುಂಬ ನಗು!” ಅಂದೆ ನಾನು. ಯಾರೂ ನಗಲಿಲ್ಲ.

“ಸಿಗ್ನಲ್!” ಅಂತ ಅ-ಖುನ್ ಥಟ್ಟನೆ ಪಿಸುಗುಟ್ಟಿದ. “ಕೆಂಪು ದೀಪ ಬಿದ್ರೆ ನಿಲ್ಲಬಹುದು ತಾನೆ?”

ನಿಲ್ಲಬಹುದು. ಕೆಂಪು ದೀಪಕ್ಕೆ ನಿಂತರೆ ಅದು ಸರ್ಕಾರ ನಿಲ್ಲಿಸಿದ್ದು, ನಾವು ನಿಂತದ್ದಲ್ಲ, ಅಂತ ನಾನೇ ಎಷ್ಟೋ ಮದುವೆಗಳಲ್ಲಿ ತೀರ್ಪು ಕೊಟ್ಟಿದ್ದೇನೆ. ಬಂದರು ದಾಟುವುದರೊಳಗೆ ಮೂರು ಸಿಗ್ನಲ್ ಸಿಗುತ್ತವೆ. ಮೊದಲನೆಯದಕ್ಕೆ ಬಂದೆವು, ಹಸಿರು. ಅ-ಖುನ್ ಎಷ್ಟು ನಿಧಾನ ಹೋದರೂ ಹಸಿರು. ಎರಡನೆಯದು ನಾವು ಬರುತ್ತಿರುವಾಗ ಕೆಂಪಿತ್ತು. ಅವನು ಬಾಗಿಲಿನ ಹಿಡಿಗೆ ಕೈ ಹಾಕಿದ ಕ್ಷಣದಲ್ಲೇ ಹಸಿರಾಯಿತು. ಮೂರನೆಯದರಲ್ಲಿ ಒಬ್ಬ ಟ್ರಾಫಿಕ್ ಪೊಲೀಸು ಮೋಟರ್‌ಸೈಕಲ್ ಪಕ್ಕ ನಿಂತಿದ್ದ. ಬಿದಿರು ಕಟ್ಟಿದ ಮದುವೆಯ ಗಾಡಿ ಕಂಡವನೇ ಮುಗುಳ್ನಕ್ಕು, ಅಡ್ಡ ಬರುವವರನ್ನೆಲ್ಲ ತಡೆದು, ಹೋಗಿ ಹೋಗಿ ಅಂತ ಕೈ ಬೀಸಿದ.

“ಎಲ್ಲ ಹಸಿರು! ಎಂಥ ಶುಭ ಅಲ್ವಾ ದೊಡ್ಡಮ್ಮ?” ಅಂದಳು ಪೇಶಾನ್ ಕಣ್ಣೊರೆಸಿಕೊಳ್ಳುತ್ತ.

“ಬಹಳ ಶುಭ ಮಗಳೇ,” ಅಂದೆ. ಅ-ಖುನ್ ಒಂದು ಶಬ್ದ ಮಾಡಿದ. ಅದನ್ನು ಬರೆಯಲು ಬರುವುದಿಲ್ಲ.

ನನ್ನ ಫೋನು ಬಡಿದುಕೊಂಡಿತು. ಲಾನ್‌ಯಿಂಗ್. “ಹತ್ತು ಇಪ್ಪತ್ತು! ಎಲ್ಲಿದೀರಾ?”

“ಬಂದ್ವಿ, ಬಂದ್ವಿ. ನಿಧಾನ ಹೋದರೆ ನಿಧಿ ಸಿಕ್ಕೀತು, ಅವಸರ ಮಾಡಿದರೆ ಅನ್ನ ಸೀದೀತು.”

“ಅನ್ನ ಅಲ್ಲ ಲಿಯಾವಕ್ಕ, ನಾನು ಸೀದು ಹೋಗ್ತಿದೀನಿ. ನನ್ನ ತಮ್ಮನಿಗೆ ಹೇಳಿ, ಬಾಗಿಲ ಹತ್ರ ಗಡಿಯಾರ ಹಿಡ್ಕೊಂಡು ನಿಂತಿದೀನಿ.”

ಆಗ ಏರು ಶುರುವಾಯಿತು.

ಬಂದರಿನಿಂದ ಹೊರಗೆ ಹೋಗಬೇಕಾದರೆ ಒಂದು ಗುಡ್ಡ ಹತ್ತಿ ಇಳಿಯಬೇಕು. ದೊಡ್ಡದೇನಲ್ಲ. ಗಾಡಿಗೆ ಉಸಿರಿದ್ದರೆ ಎರಡು ನಿಮಿಷದ ಏರು. ಅ-ಖುನ್ ಒತ್ತದೆ ಬೇರೆ ದಾರಿ ಇರಲಿಲ್ಲ. ಒತ್ತಿದ. ಗಾಡಿ ಹತ್ತು ಮಾರು ಹತ್ತಿತು, ಕೆಮ್ಮಿತು, ಇನ್ನೈದು ಮಾರು ಹತ್ತಿತು. ಆಮೇಲೆ ಒಳಗಿನಿಂದ ಒಂದು ನಿಟ್ಟುಸಿರು ಬಂದು ಎಲ್ಲ ಸದ್ದೂ ಒಟ್ಟಿಗೇ ನಿಂತುಹೋಯಿತು. ಅಷ್ಟು ಮೌನ ನಾನು ಯಾವ ಮದುವೆಯಲ್ಲೂ ಕೇಳಿಲ್ಲ. ಗಾಡಿ ಹಳೆಯ ವೇಗದ ಬಲದಲ್ಲೇ ತೆವಳುತ್ತಿತ್ತು, ಪ್ರತಿ ಮಾರಿಗೂ ಕಡಿಮೆಯಾಗುತ್ತ. ಬ್ರೇಕ್ ಹಾಕಿದರೆ ನಿಂತಂತೆ. ಹಾಕದಿದ್ದರೆ ಹಿಂದಕ್ಕೆ ಉರುಳಿದಂತೆ. ಅತ್ತ ದರಿ, ಇತ್ತ ಪುಲಿ.

ನಾನು ಕಿಟಕಿಯಿಂದ ಅರ್ಧ ಹೊರಗೆ ಬಂದು ಹಿಂದಿನ ಕಾರಿನ ಕಡೆ ಕಿರುಚಿದೆ. “ಏಯ್! ಮದುಮಗನ ಗೆಳೆಯರಾ! ತಳ್ರೋ! ನಿಲ್ಲೋಕೆ ಬಿಡಬೇಡ್ರೋ!”

ಸೂಟುಬೂಟಿನ ಆರು ಹುಡುಗರು ಹಾರಿ ಬಂದು ಕೈ ಕೊಟ್ಟರು. ಗಾಡಿ ನಿಂತಿತೋ ಇಲ್ಲವೋ ಅನ್ನುವಷ್ಟರಲ್ಲಿ ಒಂದು ಗೇಣು ಮುಂದೆ ಹೋಯಿತು. ಇನ್ನೊಂದು ಗೇಣು. ಕಚೇರಿಯಲ್ಲಿ ಕೂತು ಬೆಳೆದ ಕೈಗಳು, ಹೊಸ ಬೂಟುಗಳು, ಹಂದಿಮಾಂಸ ಹೊತ್ತ ಭಾರದ ಗಾಡಿ. ಗ್ವಾನ್‌ಟಿಂಗ್ ಇಳಿಯಲು ಹೋದ. “ಮದುಮಗ ಇಳಿಯೋ ಹಾಗಿಲ್ಲ, ಕೂತ್ಕೋ!” ಅಂತ ಗದರಿಸಿದೆ. ಸಿಗ್ನಲ್ಲಿನ ಪೊಲೀಸು ಮೋಟರ್‌ಸೈಕಲ್ ಏರಿ ಪಕ್ಕಕ್ಕೆ ಬಂದ.

“ಏನ್ರೀ ಇದು? ತಿರುವಿನಲ್ಲಿ ಹೀಗೆಲ್ಲ ತಳ್ಳೋ ಹಾಗಿಲ್ಲ. ಗಾಡಿ ಬದಿಗೆ ಹಾಕಿ ನಿಲ್ಲಿಸಿ.”

“ನಿಮಗೆ ಮದುವೆ ಆಗಿದೆಯಾ ಸಾಹೇಬ್ರೇ?” ಅಂದೆ ನಾನು.

ಅವನು ತಬ್ಬಿಬ್ಬಾದ. “ಇಲ್ಲ, ಯಾಕೆ?”

“ಇವತ್ತು ಈ ಗಾಡಿ ನಿಲ್ಲಿಸಿದ ಪೊಲೀಸಿಗೆ ಯಿಲಾನ್ ಸೀಮೇಲಿ ಯಾರು ಹೆಣ್ಣು ಕೊಡ್ತಾರೋ ನಾನೂ ನೋಡ್ತೀನಿ. ನಾನು ಲಿಯಾವಕ್ಕ.”

ಹೆಸರು ಕೇಳಿದ್ದ ಅಂತ ಕಾಣುತ್ತದೆ. ಮುಂದೆ ಹೋಗಿ ಎದುರಿನ ವಾಹನಗಳನ್ನೆಲ್ಲ ತಡೆದು ನಿಲ್ಲಿಸಿದ. ಆದರೆ ಹುಡುಗರ ಬಲ ಮುಗಿಯುತ್ತಿತ್ತು. ಗೇಣು ಬೆರಳಾಯಿತು. ಗಾಡಿ ನಡುಗಿತು. ಅ-ಖುನ್ ಬ್ರೇಕಿನ ಮೇಲೆ ಕಾಲಿಟ್ಟು, ಒತ್ತಲೂ ಆರದೆ ಎತ್ತಲೂ ಆರದೆ, “ಅಕ್ಕ, ಅಕ್ಕ, ಅಕ್ಕ” ಅಂತ ಜಪ ಮಾಡುತ್ತಿದ್ದ. ಅದು ನಾನೋ ಲಾನ್‌ಯಿಂಗೋ ಅವನಿಗೂ ಗೊತ್ತಿರಲಿಲ್ಲ.

ಆಗ ಹಿಂದಿನಿಂದ ಒಂದು ಕೂಗು ಕೇಳಿಸಿತು. “ಹೋಯ್ ಹಾ! ಹೋಯ್ ಹಾ!” ಬಲೆ ಎಳೆಯುವವರ ಕೂಗು. ಗಾಡಿ ಯಾರೋ ಎತ್ತಿಕೊಂಡ ಹಾಗೆ ಎರಡು ಮಾರು ಮುಂದೆ ಚಿಮ್ಮಿತು.

ಪಕ್ಕದ ಕನ್ನಡಿಯಲ್ಲಿ ನೋಡಿದೆ. ಮೂರು ಜೊತೆ ರಬ್ಬರ್ ಬೂಟು. ನೀರು ಎರಚಿದ ತಂದೆ ಬಾಗಿಲು ಹಾಕಿಕೊಂಡು ಒಳಗಿರಬೇಕು. ಹಿಂದೆ ಬಂದರೆ ಎರಚಿದ ನೀರನ್ನು ತಾನೇ ಬಾಚಿಕೊಂಡಂತೆ. ಇಪ್ಪತ್ತಾರು ವರ್ಷದಲ್ಲಿ ‘ಒಳಗೆ ಹೋಗಿ’ ಅಂತ ಎಷ್ಟು ಅಪ್ಪಂದಿರನ್ನು ಗದರಿಸಿಲ್ಲ ನಾನು! ಬಾಯಿ ತೆರೆದೆ. ಮುಚ್ಚಿದೆ.

ಪೇಶಾನ್ ಕಲ್ಲಿನಂತೆ ಕೂತಿದ್ದಳು. ಮದುಮಗಳು ಹಿಂತಿರುಗಿ ನೋಡಬಾರದು. ಅವಳ ಕೈ ಗಂಡನ ತೋಳನ್ನು ಹಿಡಿದಿತ್ತು, ಉಗುರು ನಾಟುವ ಹಾಗೆ.

“ದೊಡ್ಡಮ್ಮ, ಹಿಂದೆ ಯಾರಿದಾರೆ?”

“ಯಾರೂ ಇಲ್ಲ ಮಗಳೇ. ಗ್ವಾನ್‌ಟಿಂಗ್ ಸ್ನೇಹಿತರು. ನೀನು ಮುಂದೆ ನೋಡು.”

“ಆ ಕೂಗು…”

“ಮುಂದೆ ನೋಡು ಅಂದೆ!”

ಅಷ್ಟರಲ್ಲಿ ಹಿಂದಿನಿಂದ ಸಮುದ್ರ ದಾಟುವ ದನಿ: “ಬೀಗ್ರೇ! ಗಾಡಿಗೆ ಉಸಿರು ಕಟ್ಟಿದೆ! ಬಂದರಿಂದ್ಲೇ ಕೇಳಿಸ್ತಾ ಇತ್ತು! ಮೂಗಿಗೆ ಏನು ತುರುಕಿದೀರಾ?”

“ಟೋಪಿ!” ಅಂತ ಅ-ಖುನ್ ಅತ್ತ. “ನನ್ನ ಹೆಂಡ್ತಿ ಟೋಪಿ!”

“ಬಾನೆಟ್ ಬಿಚ್ಚಿ!”

ಅ-ಖುನ್ ಹಿಡಿ ಎಳೆದ. ಚಿಯೆನ್ ಪಕ್ಕದಿಂದ ಓಡಿ ಬಂದು, ನಡೆಯುತ್ತಿರುವ ಗಾಡಿಯ ಬಾನೆಟ್ಟನ್ನು ಎತ್ತಿಹಿಡಿದರು. ನಮ್ಮ ಕಣ್ಣ ಮುಂದೆ ಕಪ್ಪು ಗೋಡೆ ಎದ್ದಿತು. ದಾರಿ ಕಾಣದು, ನಿಲ್ಲುವಂತಿಲ್ಲ, ಎಡಕ್ಕೆ ಕಣಿವೆ. ನಾನು ಒಂದು ಕಿಟಕಿಯಿಂದ “ಬಲಕ್ಕೆ” ಅಂದರೆ ಪೊಲೀಸು ಇನ್ನೊಂದು ಕಡೆಯಿಂದ “ಎಡಕ್ಕೆ” ಅನ್ನುತ್ತಿದ್ದ. ಅ-ಖುನ್ ಕಣ್ಣು ಮುಚ್ಚಿ ಚಕ್ರ ತಿರುಗಿಸುತ್ತಿದ್ದ. ತೆರೆದಿದ್ದರೂ ವ್ಯತ್ಯಾಸವಿರಲಿಲ್ಲ ಅನ್ನಿ.

“ಸಿಕ್ತು! ಕೀ ತಿರುಗಿಸಿ!”

ತಿರುಗಿಸಿದ. ಮೊದಲ ಸಲ ಇಲ್ಲ. ಎರಡನೆಯ ಸಲ ಎಂಜಿನ್ನು ಒಂದು ದೊಡ್ಡ ಉಸಿರೆಳೆದುಕೊಂಡು ಗುಡುಗಿತು. ಬಾನೆಟ್ಟು ಧಡಾರನೆ ಮುಚ್ಚಿತು. ಅದು ಮುಚ್ಚಿದಾಗ, ಗಾಜಿನ ಆಚೆ, ಮದುಮಗಳ ಎದುರಿಗೆ, ಗಾಡಿಯ ಜೊತೆಗೇ ಓರೆಯಾಗಿ ಹೆಜ್ಜೆ ಹಾಕುತ್ತಿದ್ದ ಅವಳ ಅಪ್ಪ ಇದ್ದರು.

ಹಿಂತಿರುಗಿ ನೋಡಬಾರದು ಅಂತ ಶಾಸ್ತ್ರವಿದೆ. ಅಪ್ಪ ಮುಂದೆಯೇ ಬಂದು ನಿಂತರೆ ಏನು ಮಾಡಬೇಕು ಅಂತ ನನಗೆ ಯಾರೂ ಕಲಿಸಿರಲಿಲ್ಲ. ಪೇಶಾನ್ ಕಣ್ಣು ಮಿಟುಕಿಸದೆ ನೋಡಿದಳು. ಅವರೂ ನೋಡಿದರು. ಬೆವರಿ ಕೆಂಪಾದ ಮುಖ, ಕೈಯಲ್ಲಿ ಬಾತುಕೋಳಿಯ ಟೋಪಿ. ಅವಳ ಎದುರಿಗೆ ಗಾಜಿನ ಮೇಲೆ, ವೈಪರಿಗೆ ಸಿಗದೆ ಉಳಿದ, ತಾವೇ ಎರಚಿದ ನೀರಿನ ಹನಿಗಳಿದ್ದವು, ಅವನ್ನು ತೋಳಿನಿಂದ ಒಂದು ಸಲ ಒರೆಸಿ ಬದಿಗೆ ಸರಿದರು. ನಾನು ಎರಡು ಸಾಲು ಶುಭ ನುಡಿಯಬೇಕು. “ಹತ್ತು ಕೈ ತಳ್ಳಿದ ಬಾಳು…” ಅಂತ ಶುರು ಮಾಡಿದೆ. ಎರಡನೆಯ ಸಾಲು ಬರಲಿಲ್ಲ.

ಆಮೇಲೆ ಅ-ಖುನ್ ಹೇಗೆ ಓಡಿಸಿದ ಅಂತ ಕೇಳಬೇಡಿ. ಪೊಲೀಸು ಮುಂದೆ, ನಾವು ಹಿಂದೆ. ಹತ್ತು ಗಂಟೆ ಐವತ್ತೇಳು ನಿಮಿಷಕ್ಕೆ ಪೇಶಾನ್ ಹೊಸ್ತಿಲು ದಾಟಿದಳು. ಲಾನ್‌ಯಿಂಗ್ ಗಡಿಯಾರದಿಂದ ತಲೆಯೆತ್ತಿ ನನ್ನನ್ನು ಕೇಳಿದ ಮೊದಲ ಪ್ರಶ್ನೆ: “ದಾರೀಲಿ ಗಾಡಿ ನಿಂತಿತಾ?”

“ಒಂದು ಗಳಿಗೇನೂ ಇಲ್ಲ,” ಅಂದೆ. ಸಾವಿರ ಸುಳ್ಳು ತುಂಬಿತು.

ಮಧ್ಯಾಹ್ನ ಊಟದ ಗದ್ದಲ. ಮೊದಲ ಮೇಜಿನ ಮೊದಲ ಕುರ್ಚಿಯಲ್ಲಿ ಅ-ಖುನ್, ಪಕ್ಕದಲ್ಲಿ ನಾನು. ಅವನ ಫೋನು ಬಡಿದುಕೊಂಡಿತು. ಅವನು ಎತ್ತಿದ ಕೂಡಲೇ ಚಿಯೆನ್ ಅವರ ದನಿ ನನಗೂ ಕೇಳಿಸಿತು. ಆದರೆ ಈ ಸಲ ಕೂಗುತ್ತಿರಲಿಲ್ಲ.

“ಬೀಗ್ರೇ, ಗಾಡಿ… ಗಾಡಿ ಸುಖವಾಗಿ ತಲುಪಿತಾ?”

“ಓಹೋ, ಏನೂ ತೊಂದರೆ ಇಲ್ಲ. ಫಿಲ್ಟರ್ ತೆಗೆದು ನೋಡಿದೆ, ಒಂದು ಹನಿ ಇಲ್ಲ, ಗರಿಗರಿ ಕಾಗದ…”

“ಹೂಂ. ಒಳ್ಳೇದಾಯ್ತು. ಆ ಏರು ಆದ್ಮೇಲೆ… ಮತ್ತೆ ಅತ್ತುಗಿತ್ತು ಮಾಡ್ಲಿಲ್ಲ ತಾನೆ?”

“ಅಳೋದಾ? ಗಾಡಿನಾ?” ಅಂದ ಅ-ಖುನ್ ಗೊಂದಲದಿಂದ. ನಾನು ಮೇಜಿನ ಕೆಳಗೆ ಅವನ ಕಾಲು ತುಳಿಯಲು ಹೊರಟೆ. ಅಷ್ಟರಲ್ಲಿ ಅವನು ತಲೆಯೆತ್ತಿ ಎದುರಿನ ಮೇಜನ್ನು ನೋಡಿದ. ಅಲ್ಲಿ ಪೇಶಾನ್ ಕೂತಿದ್ದಳು, ಲಾನ್‌ಯಿಂಗ್ ಅವಳ ಬಟ್ಟಲಿಗೆ ಒಂದರ ಮೇಲೊಂದು ಬಡಿಸುತ್ತಿದ್ದಳು. ಅ-ಖುನ್ ಬಹಳ ಹೊತ್ತು ನೋಡಿದ. ಐವತ್ತೆರಡು ವರ್ಷದಲ್ಲಿ ಅವನಿಗೆ ಒಂದು ವಿಷಯ ತಾನಾಗಿಯೇ ಅರ್ಥವಾದದ್ದನ್ನು ನಾನು ಕಂಡದ್ದು ಅದೇ ಮೊದಲು.

“ಇಲ್ಲ ಬೀಗ್ರೇ,” ಅಂದ ಮೆತ್ತಗೆ. “ಏರಲ್ಲಿ ಒಂದು ಸಲ ಅಷ್ಟೇ. ಈಗ ಆರಾಮಾಗಿದೆ. ನೆರಳಲ್ಲಿದೆ, ಸುತ್ತ ಜನ ಇದಾರೆ. ಎರಡು ಬಟ್ಟಲು ಸಿಹಿ ಉಂಡೆ ತಿಂತು. ಮೀನು ಮಾತ್ರ ಮುಟ್ಟಲಿಲ್ಲ.”

ಆ ಕಡೆ ಯಾರೋ ಮೂಗು ಎಳೆದುಕೊಂಡ ಸದ್ದು.

“ಅದು ಚಿಕ್ಕಂದಿನಿಂದ್ಲೂ ಹಾಗೇ,” ಅಂದರು ಚಿಯೆನ್. “ಬಲವಂತ ಮಾಡಬೇಡಿ.”